ಸೀಮೆಎಣ್ಣೆ ಬುಡ್ಡಿಯಿಂದ ಸೋಲಾರ್ ಹಲಗೆಯವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಮೂರು ವರ್ಷ ಓದಿದೆ. ಈ ಮೈಕಿನ ಮುಂದೆ ನಿಂತಿದ್ದು ಒಂದೇ ಸಲ, ಆಗಸ್ಟ್ ಹದಿನೈದರ ಭಾಷಣಕ್ಕೆ. ಬಾಯಿಪಾಠ ಮಾಡಿದ್ದು ಅರ್ಧಕ್ಕೆ ಮರೆತುಹೋಗಿ "ಜೈ ಹಿಂದ್" ಅಂತ ಕೂಗಿ ಇಳಿದುಬಿಟ್ಟಿದ್ದೆ. ಇವತ್ತು ಅಂಥದ್ದಾದರೆ ಇರಲಿ ಅಂತ ಬರೆದುಕೊಂಡು ಬಂದಿದ್ದೇನೆ. ಮೇಷ್ಟ್ರು ಫೋನ್ ಮಾಡಿ, "ನಿನ್ನ ಸಾಫ್ಟ್‌ವೇರ್ ವಿಷಯ ಬೇಡಪ್ಪ, ನಮಗೆ ಅರ್ಥ ಆಗೋದು ಏನಾದ್ರೂ ಹೇಳು" ಅಂದರು. ಹಾಗಾಗಿ ನಮ್ಮೆಲ್ಲರಿಗೂ ಗೊತ್ತಿರುವ ಎರಡು ವಸ್ತು ಆರಿಸಿಕೊಂಡೆ. ಒಂದು ಎಣ್ಣೆ, ಇನ್ನೊಂದು ಬಿಸಿಲು. ಪಾವಗಡ ತಾಲ್ಲೂಕಿನವರಿಗೆ ಬಿಸಿಲಿನ ಬಗ್ಗೆ ಭಾಷಣ ಮಾಡುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಸ್ವಲ್ಪ ತಾಳ್ಮೆ ಇರಲಿ.

ನಾನು ಎಸ್ಸೆಸ್ಸೆಲ್ಸಿ ಓದಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಕರೆಂಟ್ ಇರಲಿಲ್ಲ ಅಂತಲ್ಲ, ಕಂಬ ಇತ್ತು, ತಂತಿ ಇತ್ತು, ಬಲ್ಬೂ ಇತ್ತು. ಓದುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಸೊಸೈಟಿಯಲ್ಲಿ ಕೊಡುತ್ತಿದ್ದ ನೀಲಿ ಬಣ್ಣದ ಸೀಮೆಎಣ್ಣೆಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ನನ್ನ ಪಾಲಿನ ಕೆಲಸ. ಒಂದು ದಿನ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಕೇಳಿದರು: "ಸೀಮೆಎಣ್ಣೆ ಎಲ್ಲಿಂದ ಬರುತ್ತೆ?" ನಾವೆಲ್ಲ ಒಟ್ಟಿಗೆ, "ಸೊಸೈಟಿಯಿಂದ ಸಾರ್." ಅವರು ನಗಲಿಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಸೀಮೆಎಣ್ಣೆ ಅಂತ ಬರೆದು, "ಇವಕ್ಕೆಲ್ಲ ಸೀಮೆ ಅಂತ ಯಾಕೆ ಅಂತಾರೆ, ಹೇಳಿ" ಅಂದರು. ಯಾರಿಗೂ ಹೊಳೆಯಲಿಲ್ಲ. ಹೊರಗಿನಿಂದ, ದೂರದ ಸೀಮೆಯಿಂದ ಬಂದದ್ದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು ಅಂತ ಆಮೇಲೆ ಅವರೇ ಹೇಳಿದರು. ನಮ್ಮ ನೆಲದ್ದಲ್ಲ ಎಂಬ ಸಂಗತಿ ಹೆಸರಿನಲ್ಲೇ ಇತ್ತು, ದಿನಾ ಬಾಯಲ್ಲಿ ಅಂದರೂ ನಮಗೆ ಕೇಳಿಸಿರಲಿಲ್ಲ.

ಈ ಶಾಲೆ ಶುರುವಾಗಿದ್ದು 1973ರ ಜೂನ್‌ನಲ್ಲಿ. ಕಟ್ಟಡ ಇರಲಿಲ್ಲ, ದೇವಸ್ಥಾನದ ಪಡಸಾಲೆಯಲ್ಲಿ ಎಂಟನೇ ತರಗತಿ ನಡೆಯುತ್ತಿತ್ತು ಅಂತ ಮೊದಲ ಬ್ಯಾಚಿನ ಹಿರಿಯರು ನಿನ್ನೆ ಹೇಳಿದರು. ಶಾಲೆ ಶುರುವಾಗಿ ನಾಲ್ಕು ತಿಂಗಳಿಗೆ, ಆ ವರ್ಷದ ಅಕ್ಟೋಬರ್‌ನಲ್ಲಿ, ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧ ಹತ್ತಿತು. ಇಸ್ರೇಲಿನ ಬೆನ್ನಿಗೆ ನಿಂತ ಅಮೆರಿಕ ಮುಂತಾದ ದೇಶಗಳಿಗೆ ಎಣ್ಣೆ ಕೊಡುವುದಿಲ್ಲ ಅಂತ ಅರಬ್ ದೇಶಗಳು ಹಟ ಹಿಡಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ ಮೂರೇ ತಿಂಗಳಲ್ಲಿ 11 ಡಾಲರ್ ದಾಟಿತು. ನಾವು ಆ ಜಗಳದಲ್ಲಿ ಇರಲಿಲ್ಲ. ಆದರೂ ಆ ಏಟು ನಮಗೂ ಬಿತ್ತು. ಪೆಟ್ರೋಲ್ ಬೆಲೆ ಏರಿದ್ದಕ್ಕೆ ಪ್ರತಿಭಟನೆಯಾಗಿ ಆ ನವೆಂಬರ್‌ನಲ್ಲಿ ವಾಜಪೇಯಿಯವರು ದೆಹಲಿಯಲ್ಲಿ ಎತ್ತಿನ ಗಾಡಿ ಏರಿ ಪಾರ್ಲಿಮೆಂಟಿಗೆ ಹೋದರು. ನಮ್ಮ ಮೊದಲ ಬ್ಯಾಚಿನವರು ಆಗ ಎತ್ತಿನ ಗಾಡಿಯಲ್ಲೇ ಶಾಲೆಗೆ ಬರುತ್ತಿದ್ದರು, ಅವರ ಫೋಟೋ ಯಾರೂ ಪೇಪರಿಗೆ ಹಾಕಲಿಲ್ಲ ಅನ್ನುವುದು ಬೇರೆ ಮಾತು.

ಅಂದರೆ ನಮ್ಮ ಶಾಲೆಗೂ ಎಣ್ಣೆಯ ಚಿಂತೆಗೂ ಒಂದೇ ವಯಸ್ಸು. ಐವತ್ತು ವರ್ಷದಲ್ಲಿ ಏನಾಯಿತು ಅಂತ ನೋಡಿದರೆ, 1974ರಲ್ಲಿ ಮುಂಬೈ ಕಡಲಿನಲ್ಲಿ, ಬಾಂಬೆ ಹೈನಲ್ಲಿ, ನಮಗೂ ಎಣ್ಣೆ ಸಿಕ್ಕಿತು. ಅದಕ್ಕೂ ಮುಂಚೆ ಅಸ್ಸಾಮಿನ ಡಿಗ್ಬಾಯ್‌ನಲ್ಲಿ ಬ್ರಿಟಿಷರ ಕಾಲದಿಂದ ಸ್ವಲ್ಪ ಬರುತ್ತಿತ್ತು. ಆಮೇಲೆ ರಾಜಸ್ಥಾನದ ಬಾಡಮೇರ್‌ನಲ್ಲಿ ಸಿಕ್ಕಿತು. ಇಷ್ಟಾದರೂ ಇವತ್ತು ದೇಶ ವರ್ಷಕ್ಕೆ 23 ಕೋಟಿ ಟನ್ನಿಗೂ ಹೆಚ್ಚು ಪೆಟ್ರೋಲಿಯಂ ಉತ್ಪನ್ನ ಸುಡುತ್ತದೆ, ನಮ್ಮ ನೆಲದಲ್ಲಿ, ಕಡಲಲ್ಲಿ ಸಿಗುವ ಕಚ್ಚಾ ಎಣ್ಣೆ 3 ಕೋಟಿ ಟನ್ನಿಗಿಂತ ಸ್ವಲ್ಪ ಕಡಿಮೆ. ಹತ್ತು ಹನ್ನೆರಡು ವರ್ಷದ ಹಿಂದೆ ಅದು 3 ಕೋಟಿ 80 ಲಕ್ಷ ಟನ್ ಇತ್ತು. ಹಳೆಯ ಬಾವಿಗಳು ಬತ್ತುತ್ತಿವೆ. ನೂರು ಲೀಟರಿನಲ್ಲಿ 85ಕ್ಕೂ ಹೆಚ್ಚು ಇವತ್ತಿಗೂ ಸೀಮೆಯ ಎಣ್ಣೆಯೇ.

ನಾನು ಶಕ್ತಿ ವಿಜ್ಞಾನಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಸರಕು ಲಾರಿಗಳ ಲೆಕ್ಕ ನೋಡುವ ಸಾಫ್ಟ್‌ವೇರ್ ಬರೆಯುತ್ತೇನೆ. ಯಾವ ಲಾರಿ ಎಲ್ಲಿದೆ, ಎಷ್ಟು ಓಡಿತು, ಎಷ್ಟು ಡೀಸೆಲ್ ಕುಡಿಯಿತು, ದಿನವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಇದೇ. ಡೀಸೆಲ್ ಲೀಟರಿಗೆ ಒಂದು ರೂಪಾಯಿ ಏರಿದರೆ ಮಾಲೀಕರ ದನಿ ಬದಲಾಗುತ್ತದೆ. ಅವರು ಬಾಡಿಗೆ ಏರಿಸಿದರೆ ಟೊಮ್ಯಾಟೋದಿಂದ ಸಿಮೆಂಟಿನವರೆಗೆ ಎಲ್ಲ ಏರುತ್ತದೆ. ದೇಶದಲ್ಲಿ ಬಳಕೆಯಾಗುವ ಪೆಟ್ರೋಲಿಯಂನಲ್ಲಿ ಹೆಚ್ಚುಕಡಿಮೆ ನೂರಕ್ಕೆ 40 ಪಾಲು ಡೀಸೆಲ್ಲೇ.

ಈ ಡೀಸೆಲ್ ಎಂಥ ವಸ್ತು ಅಂತ ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಬಹುದು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರರಲ್ಲಿ ಎರಡು ಪಾಲನ್ನು ಬಿಸಿಯಾಗಿ ಕಳೆದು, ಮೂರು ಯೂನಿಟ್ಟಿನಷ್ಟು ಕೆಲಸ ಕೊಡುತ್ತದೆ. ಗಟ್ಟಿಮುಟ್ಟಾದ ಆಳು ಬೆಳಗಿನಿಂದ ಸಂಜೆವರೆಗೆ ಗುದ್ದಲಿ ಹಿಡಿದು ದುಡಿದರೆ ಆಗುವ ಕೆಲಸ ಅರ್ಧ ಯೂನಿಟ್, ಬಹಳ ಆದರೆ ಮುಕ್ಕಾಲು. ಅಂದರೆ ಒಂದು ಲೀಟರ್ ಡೀಸೆಲ್ ನಾಲ್ಕೈದು ಆಳಿನ ಒಂದು ದಿನದ ದುಡಿಮೆ. 2023ರಲ್ಲಿ ಬೆಲೆ ಎಂಬತ್ತು ಚಿಲ್ಲರೆ ರೂಪಾಯಿ ಇತ್ತು. ಅಷ್ಟು ದುಡ್ಡಿಗೆ ಐದು ಆಳು ಬರುತ್ತಾರಾ ಅಂತ ನಮ್ಮ ಚಿಕ್ಕಪ್ಪನನ್ನು ಕೇಳಿದರೆ ಏನನ್ನುತ್ತಾರೋ ನಿಮಗೇ ಗೊತ್ತು. ಡೀಸೆಲ್ ದುಬಾರಿ ಅಂತ ನಾವೆಲ್ಲ ಬೈಯುತ್ತೇವೆ. ನಿಜವಾಗಿ ನೋಡಿದರೆ ಇಷ್ಟು ಅಗ್ಗದ ಆಳು ಮನುಷ್ಯನಿಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಬಿಡುವುದು ಇಷ್ಟು ಕಷ್ಟ ಆಗಿರುವುದು ಅದಕ್ಕೇ.

ಹಾಗಾದರೆ ಈ ಎಣ್ಣೆ ಮುಗಿದುಹೋಗುತ್ತದಾ? ನಮ್ಮ ಕಾಲದ ಪಾಠದಲ್ಲಿ ಇನ್ನು ನಲವತ್ತು ವರ್ಷಕ್ಕೆ ಮುಗಿಯುತ್ತದೆ ಅಂತ ಓದಿದ ನೆನಪು. ಇಪ್ಪತ್ತು ವರ್ಷ ಕಳೆಯಿತು. ಈಗ ಲೆಕ್ಕ ಕೇಳಿದರೆ ಐವತ್ತು ವರ್ಷಕ್ಕೆ ಸಾಕು ಅನ್ನುತ್ತಾರೆ. ಖರ್ಚು ಮಾಡಿದಷ್ಟೂ ಹೆಚ್ಚಾಗುವ ಕಣಜ ಎಲ್ಲಾದರೂ ಇದೆಯಾ? ಮೇಷ್ಟ್ರು ತಪ್ಪು ಹೇಳಿದರಾ?

ಅಮೆರಿಕದಲ್ಲಿ ಕಿಂಗ್ ಹಬ್ಬರ್ಟ್ ಎಂಬ ಭೂವಿಜ್ಞಾನಿ ಇದ್ದರು. ಎಣ್ಣೆ ಕಂಪನಿಯಲ್ಲೇ ಕೆಲಸ. 1956ರಲ್ಲಿ ಅವರು ತಮ್ಮ ದೇಶದ ಎಣ್ಣೆ ಉತ್ಪಾದನೆ 1965ರಿಂದ 1970ರ ಒಳಗೆ ತುದಿ ಮುಟ್ಟಿ ಇಳಿಯುತ್ತದೆ ಅಂದರು. ಬಹಳ ಜನ ನಕ್ಕರು. 1970ರಲ್ಲಿ ಹಾಗೇ ಆಯಿತು. ಸುಮಾರು ನಲವತ್ತು ವರ್ಷ ಅಲ್ಲಿ ಉತ್ಪಾದನೆ ಒಟ್ಟಾರೆ ಇಳಿಮುಖವಾಗಿತ್ತು. ಆಮೇಲೆ ಶೇಲ್ ಎಂಬ ಗಟ್ಟಿ ಪದರಗಲ್ಲಿನಲ್ಲಿ ಅಡ್ಡಡ್ಡ ಕೊರೆದು, ನೀರು ಮರಳು ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ, ಕಲ್ಲನ್ನೇ ಸೀಳಿ ಎಣ್ಣೆ ತೆಗೆಯುವುದನ್ನು ಕಲಿತರು. 2018ರ ಹೊತ್ತಿಗೆ 1970ರ ದಾಖಲೆಯನ್ನೂ ಮೀರಿದರು. ಈಗ ಹಬ್ಬರ್ಟ್ ಅವರನ್ನು ನೋಡಿ ಇನ್ನೊಂದು ಸಲ ನಗುವವರಿದ್ದಾರೆ.

ನನಗೆ ಇದು ಅರ್ಥವಾಗಿದ್ದು ಪುಸ್ತಕದಿಂದಲ್ಲ, ನಮ್ಮ ತೋಟದ ಬೋರ್‌ವೆಲ್ಲಿನಿಂದ. ತಾತನ ಕಾಲದಲ್ಲಿ ಮೂವತ್ತು ಅಡಿ ಬಾವಿ, ಕಪಿಲೆ ಹೊಡೆದು ನೀರೆತ್ತುತ್ತಿದ್ದರು. ಅಪ್ಪನ ಕಾಲಕ್ಕೆ ಬಾವಿ ಬತ್ತಿ ಇನ್ನೂರು ಅಡಿ ಬೋರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆರುನೂರು. ಈಗ ಸಾವಿರ ಅಡಿಗೆ ಇಳಿದರೂ ಬರೀ ದೂಳು ಬಂದ ಉದಾಹರಣೆ ಈ ಸಭೆಯಲ್ಲೇ ಹತ್ತು ಸಿಗುತ್ತವೆ. "ನೀರು ಮುಗಿಯಿತಾ?" ಅಂದರೆ ಇಲ್ಲ, ಇನ್ನೂ ಕೆಳಗೆ ಇದೆ. ಆದರೆ ಕಪಿಲೆಯಲ್ಲಿ ಬಂದ ನೀರಿಗೂ ಸಾವಿರ ಅಡಿಯಿಂದ ಬರುವ ನೀರಿಗೂ ಖರ್ಚು ಒಂದೇನಾ? ಅದೇ ಒಂದು ಕೊಡ ನೀರಿಗೆ ಹತ್ತಾರು ಪಟ್ಟು ಕರೆಂಟು, ಲಕ್ಷಗಟ್ಟಲೆ ಸಾಲ, ಜೊತೆಗೆ ಫ್ಲೋರೈಡು. ಎಣ್ಣೆಯದೂ ಇದೇ ಕಥೆ. ಸೌದಿ ಅರೇಬಿಯಾದ ಘವಾರ್ ಎಂಬ ದೊಡ್ಡ ನಿಕ್ಷೇಪ ಸಿಕ್ಕಿದ್ದು 1948ರಲ್ಲಿ. ಅಷ್ಟು ದೊಡ್ಡದು, ಅಷ್ಟು ಸುಲಭವಾಗಿ ಚಿಮ್ಮುವಂಥದ್ದು ಮತ್ತೆ ಸಿಗಲಿಲ್ಲ. ಬ್ರಿಟನ್ನಿನ ಪಾಲಿನ ಉತ್ತರ ಸಮುದ್ರದ ಎಣ್ಣೆ 1999ರಲ್ಲಿ ತುದಿ ಮುಟ್ಟಿ ಇಳಿಯಿತು. ಶೇಲ್ ಬಾವಿಗಳಂತೂ ನಮ್ಮ ಬೋರುಗಳ ಅಣ್ಣತಮ್ಮಂದಿರು. ಹೊಡೆಸಿದ ವರ್ಷ ಜೋರು, ಎರಡು ಮೂರು ವರ್ಷಕ್ಕೆ ಸೊರಗಿ, ಪಕ್ಕದಲ್ಲಿ ಇನ್ನೊಂದು ಹೊಡೆಸಬೇಕು. ಕೊನೆಯ ಹನಿ ಯಾವತ್ತು ಎಂಬುದು ನಮ್ಮ ಪ್ರಶ್ನೆ ಅಲ್ಲವೇ ಅಲ್ಲ. ಸುಲಭದ ಎಣ್ಣೆ ಮುಗಿದ ಮೇಲೆ ಕಷ್ಟದ ಎಣ್ಣೆಯ ಬಿಲ್ಲು ಯಾರು ಕಟ್ಟುತ್ತಾರೆ ಎಂಬುದು ಪ್ರಶ್ನೆ. ಸುಟ್ಟಷ್ಟೂ ಆಕಾಶ ಬಿಸಿಯಾಗುತ್ತದೆ ಎಂಬ ಇನ್ನೊಂದು ಬಿಲ್ಲೂ ಇದೆ. ಮಳೆ ತಪ್ಪಿ ಮೂರು ಸಲ ಬಿತ್ತುವ ಊರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ.

ಒಂದು ಸಂಗತಿ ನಮ್ಮ ರಾಜ್ಯದವರಿಗೇ ಹೆಚ್ಚು ಗೊತ್ತಿಲ್ಲ. ಯುದ್ಧಗಿದ್ಧ ಆಗಿ ಹಡಗು ನಿಂತರೆ ಇರಲಿ ಅಂತ ದೇಶ ಕಚ್ಚಾ ಎಣ್ಣೆಯನ್ನು ಕೂಡಿಟ್ಟಿದೆ. ಎಲ್ಲಿ ಅಂದರೆ ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ, ಆಂಧ್ರದ ವಿಶಾಖಪಟ್ಟಣದಲ್ಲಿ. ನೆಲದ ಕೆಳಗೆ ಬಂಡೆ ಕೊರೆದು ಮಾಡಿದ ಗುಹೆಗಳು. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಅದೇ ಉಪಾಯ. ಆದರೆ ಹಗೇವು ತುಂಬಿದರೆ ಒಂದು ಬರಗಾಲ ದಾಟುತ್ತಿತ್ತು. ಈ ಮೂರೂ ಗುಹೆ ಸೇರಿಸಿದರೆ ದೇಶದ ಎಂಟು ಒಂಬತ್ತು ದಿನದ ಖರ್ಚು. ಎಣ್ಣೆ ಕಂಪನಿಗಳ ಟ್ಯಾಂಕಿನಲ್ಲಿರುವುದು ಇದರ ಜೊತೆಗೆ ಇದೆ ಅನ್ನಿ, ಆದರೂ ಎಂಟು ಒಂಬತ್ತು ದಿನ ಅನ್ನುವುದು ನನ್ನ ತಲೆಯಿಂದ ಹೋಗಿಲ್ಲ.

ಈಗ ಬದಲಿ ಏನು ಅನ್ನುವುದಕ್ಕೆ ಬರೋಣ. ಇಲ್ಲಿ ನಮ್ಮ ಕಡಲೆಕಾಯಿಯ ಒಂದು ಸ್ವಾರಸ್ಯ ಇದೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ರುಡಾಲ್ಫ್ ಡೀಸೆಲ್ ಅವರ ಹೊಸ ಎಂಜಿನ್ ಇಟ್ಟಿದ್ದರು. ಅಲ್ಲಿ ಒಂದು ಡೀಸೆಲ್ ಎಂಜಿನ್ ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ! ಪಾವಗಡದವರು ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿಸಬಹುದು. ಸರಿ, ನಮ್ಮ ಹೊಲದಲ್ಲೇ ಡೀಸೆಲ್ ಬೆಳೆಯೋಣ ಅಂದರೆ ಲೆಕ್ಕ ಏನು ಹೇಳುತ್ತದೆ? ಮಳೆಯಾಶ್ರಯದಲ್ಲಿ ಎಕರೆಗೆ ಮೂರು ಕ್ವಿಂಟಲ್ ಕಾಯಿ ಅಂತಿಟ್ಟುಕೊಳ್ಳಿ. ಸಿಪ್ಪೆ ಕಳೆದು ಗಾಣಕ್ಕೆ ಹಾಕಿದರೆ ಹೆಚ್ಚುಕಡಿಮೆ ನೂರು ಲೀಟರ್ ಎಣ್ಣೆ. ನಮ್ಮ ಕಂಪನಿಯ ಲೆಕ್ಕದಲ್ಲಿರುವ ಒಂದು ಲಾರಿಯ ಟ್ಯಾಂಕು ಒಂದೇ ಸಲ ತುಂಬಲು ಮೂರು ಎಕರೆಯ ಒಂದು ವರ್ಷದ ಬೆಳೆ ಬೇಕು. ಆಮೇಲೆ ಒಗ್ಗರಣೆಗೆ ಏನು ಮಾಡುವುದು?

ತಿನ್ನದ ಎಣ್ಣೆಯ ಪ್ರಯತ್ನವೂ ನಡೆದಿದೆ. ಹೊಂಗೆ ಎಣ್ಣೆ ನಮ್ಮ ಹಿರಿಯರಿಗೆ ದೀಪದ ಎಣ್ಣೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುತ್ತೇವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನೇ ಡೀಸೆಲ್ ಜನರೇಟರಿಗೆ ಹಾಕಿ ಓಡಿಸಿ ತೋರಿಸಿದರು, ಹಳ್ಳಿಯಲ್ಲಿ ನೀರೆತ್ತುವುದಕ್ಕೂ ಬಳಸಿದರು. ಒಳ್ಳೆಯ ಕೆಲಸ, ಬದುವಿನ ಹೊಂಗೆಯಿಂದ ಒಂದು ಊರಿನ ಪಂಪು ಓಡಿಸುವಷ್ಟು ಮಟ್ಟಿಗೆ ನಂಬಬಹುದು. ಆದರೆ ಅದೇ ಕಾಲದಲ್ಲಿ ಕಾಡುಹರಳು, ಅದೇ ಜಟ್ರೋಫ, ಬಂತು. ಪಾಳು ನೆಲದಲ್ಲಿ ನೀರಿಲ್ಲದೆ ಡೀಸೆಲ್ ಬೆಳೆಯುತ್ತದೆ ಅಂತ ದೇಶವಿಡೀ ಸದ್ದು. ನಮ್ಮ ಚಿಕ್ಕಪ್ಪನೂ ಯಾರೋ ಬಂದು ಹೇಳಿದರು ಅಂತ ಅರ್ಧ ಎಕರೆಗೆ ನೆಟ್ಟರು. ಗಿಡ ಸಾಯಲಿಲ್ಲ, ನಿಜ. ಕಾಯಿಯೂ ಬಿಡಲಿಲ್ಲ. ನೀರು ಗೊಬ್ಬರ ಕೊಟ್ಟರೆ ಬಿಡುತ್ತದಂತೆ. ನೀರು ಗೊಬ್ಬರ ಇದ್ದರೆ ಅವರು ಕಾಡುಹರಳು ಯಾಕೆ ಬೆಳೆಯುತ್ತಿದ್ದರು? ಬಿಟ್ಟ ನಾಲ್ಕು ಕಾಯಿ ಕೊಳ್ಳುವುದಕ್ಕೆ ಹೇಳಿ ಹೋದವರು ಮತ್ತೆ ಬರಲಿಲ್ಲ. ಆ ಗಿಡ ಕಿತ್ತು ಹಾಕುವಾಗ ಚಿಕ್ಕಮ್ಮ ಬೈದ ಬೈಗುಳ ತೆಲುಗಿನಲ್ಲಿತ್ತು, ಇಲ್ಲಿ ಹೇಳುವಂತಿಲ್ಲ.

ಕಬ್ಬಿನಿಂದ, ಮೆಕ್ಕೆಜೋಳದಿಂದ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸುತ್ತಿದ್ದಾರೆ, 2025ಕ್ಕೆ ನೂರಕ್ಕೆ ಇಪ್ಪತ್ತು ಪಾಲು ಬೆರೆಸುವ ಗುರಿ ಇತ್ತು. ಮಂಡ್ಯ, ಬೆಳಗಾವಿಯ ಕಡೆಯವರಿಗೆ ಅನುಕೂಲ. ನಮಗೆ ಕಬ್ಬು ಕುಡಿಯುವ ನೀರು ನೆನೆದರೇ ಬಾಯಾರುತ್ತದೆ.

ಈಗ ಬಿಸಿಲು. ಇಲ್ಲಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ತಿರುಮಣಿಯನ್ನು ನೀವೆಲ್ಲ ನೋಡಿದ್ದೀರಿ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಪಾವಗಡ ಅಂದರೆ ಶನಿಮಹಾತ್ಮನ ದೇವಸ್ಥಾನ ಅನ್ನುತ್ತಿದ್ದ ಬೆಂಗಳೂರಿನ ಜನ ಈಗ "ಓ, ಸೋಲಾರ್ ಪಾರ್ಕ್!" ಅನ್ನುತ್ತಾರೆ.

ಎಕರೆಗೆ ಎಷ್ಟು ಬರುತ್ತದೆ ನೋಡಿ. ಸುಮಾರು 158 ಕಿಲೋವ್ಯಾಟ್ ಹಲಗೆ. ನಮ್ಮ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕೂವರೆ ಯೂನಿಟ್ ಹಿಡಿದರೆ ವರ್ಷಕ್ಕೆ ಎರಡೂವರೆ ಲಕ್ಷ ಯೂನಿಟ್ ದಾಟುತ್ತದೆ. ಅದೇ ಎಕರೆಯ ಕಡಲೆಕಾಯಿ ಎಣ್ಣೆಯಲ್ಲಿ ಇರುವುದು ಒಂದು ಸಾವಿರ ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಇನ್ನೂರೈವತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಈ ಲೆಕ್ಕ ಮಾಡಿದ ದಿನ ನಾನು ಎರಡು ಸಲ ಪರೀಕ್ಷಿಸಿದೆ, ಸೊನ್ನೆ ತಪ್ಪಿರಬೇಕು ಅಂತ. ತಪ್ಪಿರಲಿಲ್ಲ. ಎಣ್ಣೆಬೀಜವೂ ಬಿಸಿಲನ್ನೇ ಹಿಡಿಯುತ್ತದೆ, ಆದರೆ ಗಿಡಕ್ಕೆ ಬೇರು, ಎಲೆ, ಕಾಂಡ ಎಲ್ಲ ಬೇಕಲ್ಲ, ನಮಗಾಗಿಯೇ ಅದು ಬದುಕುವುದಿಲ್ಲ.

ಆದರೆ ಸೋಲಾರ್ ಬಂತು, ಎಣ್ಣೆ ಹೋಯಿತು ಅಂತ ಚಪ್ಪಾಳೆ ತಟ್ಟಬೇಡಿ. ಸೋಲಾರ್ ಕೊಡುವುದು ಕರೆಂಟು. ನಮ್ಮ ದೇಶದಲ್ಲಿ ಕರೆಂಟು ಬಹುತೇಕ ಕಲ್ಲಿದ್ದಲಿನಿಂದ ಬರುತ್ತದೆ, ಎಣ್ಣೆಯಿಂದಲ್ಲ. ಎಣ್ಣೆ ಇರುವುದು ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ರಸ್ತೆಯ ಡಾಂಬರಿನಲ್ಲಿ, ಡ್ರಿಪ್ ಪೈಪಿನಲ್ಲಿ. ಸೋಲಾರ್ ಎಣ್ಣೆಯ ಜಾಗಕ್ಕೆ ಬರಬೇಕಾದರೆ ಗಾಡಿ ಬ್ಯಾಟರಿಗೆ ಬದಲಾಗಬೇಕು. ಸ್ಕೂಟರಿಗೆ ಅದು ಆಗಿಹೋಗಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಓಡುವ 45 ಕಿಲೋಮೀಟರಿಗೆ ಒಂದೂವರೆ ಯೂನಿಟ್ ಸಾಕು, ನಮ್ಮೂರ ಹುಡುಗರೇ ಲೆಕ್ಕ ಹೇಳುತ್ತಾರೆ. ಲಾರಿಯ ಕಥೆ ಬೇರೆ. ಒಂದು ಕೆ.ಜಿ. ಡೀಸೆಲ್‌ನಲ್ಲಿ 12 ಯೂನಿಟ್ ಇದ್ದರೆ ಒಂದು ಕೆ.ಜಿ. ಬ್ಯಾಟರಿಯಲ್ಲಿ ಇರುವುದು ಒಂದು ಯೂನಿಟ್ಟಿನ ಐದರಲ್ಲಿ ಒಂದು ಪಾಲು. ಮೋಟಾರು ಎಂಜಿನ್ನಿಗಿಂತ ಮೂರು ಪಟ್ಟು ಚುರುಕು ಅಂದರೂ ಅಂತರ ದೊಡ್ಡದು. ಪಾವಗಡದಿಂದ ಮುಂಬೈಗೆ ಹೊರಟ ಲಾರಿ ಹುಣಸೆಹಣ್ಣು ಹೊರಬೇಕೋ ಬ್ಯಾಟರಿ ಹೊರಬೇಕೋ? ಬ್ಯಾಟರಿ ಸುಧಾರಿಸುತ್ತಿದೆ, ಬೆಲೆ ಇಳಿಯುತ್ತಿದೆ, ಆಗಬಹುದು. ನನ್ನ ಅಂದಾಜಿನಲ್ಲಿ ಊರೊಳಗಿನ ಗಾಡಿ ಮೊದಲು ಹೋಗುತ್ತವೆ, ದೂರದ ಲಾರಿ ಕೊನೆಗೆ.

ರಾತ್ರಿಯ ಸಮಸ್ಯೆ ನಿಮಗೇ ಗೊತ್ತು. ಮಧ್ಯಾಹ್ನ ಬೇಕಾದಷ್ಟು ಕರೆಂಟು, ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ, ಸೂರ್ಯ ಮುಳುಗಿರುತ್ತಾನೆ. ಪಂಪ್‌ಸೆಟ್ಟಿಗೆ ಹಗಲು ಹೊತ್ತು ತ್ರೀಫೇಸ್ ಕೊಡುವುದರ ಹಿಂದೆ ಈ ಲೆಕ್ಕವೂ ಇದೆ. ಹಾವಿನ ಭಯದಲ್ಲಿ ರಾತ್ರಿ ನೀರು ಕಟ್ಟಿದ ನಮ್ಮಪ್ಪನಂಥವರು ಇದನ್ನು ಸೋಲಾರ್ ಕೊಟ್ಟ ಉಡುಗೊರೆ ಅಂತಲೇ ಹೇಳಬೇಕು. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಶರಾವತಿ ಕಣಿವೆಯಲ್ಲಿ ಹಗಲು ನೀರನ್ನು ಮೇಲೆತ್ತಿ ರಾತ್ರಿ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಯೋಜನೆಯ ಪ್ರಸ್ತಾಪ ಇದೆ. ಅದು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತದೆ ಅಂತ ಅಲ್ಲಿಯ ಜನ ವಿರೋಧಿಸುತ್ತಿದ್ದಾರೆ. ಲಿಂಗನಮಕ್ಕಿ ಕಟ್ಟಿದಾಗ ಮನೆ ಮಠ ಮುಳುಗಿ ಎದ್ದು ಹೋದವರ ಸೀಮೆ ಅದು. ನಾವು ಇಲ್ಲಿ ಕೂತು "ದೇಶಕ್ಕೆ ಬೇಕು, ಬಿಡಿ" ಅನ್ನುವ ಮೊದಲು ಸ್ವಲ್ಪ ಯೋಚಿಸಬೇಕು.

ಯಾಕೆ ಹಾಗನ್ನುತ್ತೇನೆ ಅಂದರೆ, ನಾನು ಒಂದು ಸಲ ಯೋಚಿಸದೆ ಹೇಳಿದ್ದೇನೆ. ಪಾರ್ಕಿಗೆ ಜಮೀನು ಕೇಳುತ್ತಿದ್ದ ಕಾಲ. ಆ ಊರುಗಳಲ್ಲಿ ಒಂದರಲ್ಲಿ ನಮ್ಮ ದೊಡ್ಡಮ್ಮನ ಮನೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, ಜಮೀನು ಅವರ ಹೆಸರಲ್ಲೇ ಇರುತ್ತದೆ. ನನಗೆ ಫೋನ್ ಬಂತು, "ನೀನು ಇಂಜಿನಿಯರು, ಹೇಳಪ್ಪ, ಕೊಡೋದಾ ಬೇಡ್ವಾ?" ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು, ಎರಡು ನಿಮಿಷದಲ್ಲಿ, "ಕೊಟ್ಟುಬಿಡಿ ದೊಡ್ಡಮ್ಮ, ಕಡಲೆಕಾಯಿಲಿ ಏನಿದೆ" ಅಂದೆ. ಕೊಟ್ಟರು. ತಪ್ಪಾಯಿತು ಅಂತ ಹೇಳುವುದಿಲ್ಲ. ಸಾಲ ತೀರಿತು, ಮೊಮ್ಮಗಳು ತುಮಕೂರಿನಲ್ಲಿ ಓದುತ್ತಿದ್ದಾಳೆ. ಮಳೆ ಬರಲಿ ಬಿಡಲಿ ಬ್ಯಾಂಕಿಗೆ ದುಡ್ಡು ಬರುತ್ತದೆ. ಏಳೆಂಟು ವರ್ಷ ಸತತ ಬರ ನೋಡಿದವರಿಗೆ ಅದು ಸಣ್ಣ ಮಾತಲ್ಲ.

ಆದರೆ ಆ ಎರಡು ನಿಮಿಷದಲ್ಲಿ ನಾನು ಮಾಡದ ಲೆಕ್ಕಗಳಿದ್ದವು. ಮೊದಲನೆಯದು ಎಕ್ಸೆಲ್ಲಿನಲ್ಲಿ ಐದು ನಿಮಿಷದ ಕೆಲಸ. ಎರಡು ವರ್ಷಕ್ಕೆ ಐದರಂತೆ ಏರಿದರೆ ಇಪ್ಪತ್ತು ವರ್ಷಕ್ಕೆ 21,000 ಅನ್ನುವುದು ಸುಮಾರು 34,200 ಆಗುತ್ತದೆ. ಅಕ್ಕಿ ಬೇಳೆ ಬೆಲೆ ವರ್ಷಕ್ಕೆ ಐದರಂತೆ ಏರಿದರೆ, ಆ 34,200ಕ್ಕೆ ಕೊಳ್ಳುವ ಶಕ್ತಿ ಶುರುವಿನ ವರ್ಷದ 13,000ಕ್ಕಿಂತ ಸ್ವಲ್ಪ ಕಡಿಮೆ. ಗುತ್ತಿಗೆ ಇಪ್ಪತ್ತೈದು ವರ್ಷಕ್ಕೂ ಮೀರಿದ್ದು. ಅಂದರೆ ಹಣ ಏರುತ್ತದೆ, ಬೆಲೆ ಇಳಿಯುತ್ತದೆ. ಇದನ್ನು ನಾನು ಸಹಿಗೆ ಮುಂಚೆ ಹೇಳಬೇಕಿತ್ತು.

ಎರಡನೆಯದು ಎಕ್ಸೆಲ್ಲಿನಲ್ಲಿ ಬರುವಂಥದ್ದಲ್ಲ. ಹೋದ ವರ್ಷ ದೊಡ್ಡಮ್ಮನ ಊರಿಗೆ ಹೋದಾಗ ನನ್ನ ಜೊತೆ ಇದೇ ಶಾಲೆಯಲ್ಲಿ ಓದಿದ ಗೆಳತಿಯೊಬ್ಬಳು ಸಿಕ್ಕಳು. ಆಕೆಯನ್ನು ಕೊಟ್ಟಿರುವುದು ಆ ಊರಿಗೆ. ಅವರಿಗೆ ಜಮೀನಿಲ್ಲ. ಕಳೆ ತೆಗೆಯುವುದು, ಕಾಯಿ ಬಿಡಿಸುವುದು, ಮನೆಯಲ್ಲಿ ಹತ್ತು ಹದಿನೈದು ಮೇಕೆ, ಅದೇ ಜೀವನ. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಇವಳಿಗೆ ಏನು ಬರಬೇಕು? ಕಳೆ ತೆಗೆಯುವ ಹೊಲವೇ ಇಲ್ಲ. ಮೇಕೆ ಹೊಡೆದುಕೊಂಡು ಹೋದರೆ ತಂತಿಬೇಲಿ. ಮೇಕೆ ಮಾರಿದರು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಈಕೆಗೆ ಹಲಗೆ ಮಧ್ಯದ ಹುಲ್ಲು ಕೀಳುವ ಕೆಲಸ ತಿಂಗಳಲ್ಲಿ ಕೆಲವು ದಿನ ಸಿಗುತ್ತದೆ. "ನೀನೇ ಅಂತೆ, ಕೊಡಿ ಅಂದಿದ್ದು" ಅಂದಳು. ಸಿಟ್ಟಿನಿಂದಲ್ಲ, ಸುಮ್ಮನೆ. ಎಂಟನೇ ತರಗತಿಯಲ್ಲಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದವಳು ಅವಳು. ನಾನು ಏನೂ ಹೇಳಲಿಲ್ಲ, ಹೇಳಲು ಏನೂ ಇರಲಿಲ್ಲ.

ಇವತ್ತು ಇದನ್ನೆಲ್ಲ ಯಾಕೆ ಎತ್ತಿದೆ ಅಂದರೆ, ಪಾರ್ಕು ನಮ್ಮ ಕಡೆಗೂ ಬೆಳೆಯುತ್ತದಂತೆ ಎಂಬ ಮಾತು ಟೀ ಅಂಗಡಿಯಲ್ಲಿ ಶುರುವಾಗಿದೆ. ಅಂತೆಕಂತೆ ಇರಬಹುದು. ಆದರೆ ಚಿಕ್ಕಪ್ಪ ಆಗಲೇ ಫೋನ್ ಮಾಡಿ, "ನಾಲ್ಕು ಎಕರೆ ಇದೆ, ಏನು ಮಾಡ್ಲಿ" ಅಂತ ಕೇಳಿದ್ದಾರೆ. ಈ ಸಲ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡಲಿಲ್ಲ. ಊರಿಗೆ ಬಂದು ಹೇಳುತ್ತೇನೆ ಅಂದೆ.

ಬಂದಿದ್ದೇನೆ. ನನಗೆ ತೋಚಿದ್ದು ಇಷ್ಟು, ಹಿರಿಯರು ತಿದ್ದಬೇಕು. ಸೋಲಾರ್ ಬೇಡ ಅನ್ನುವವನು ನಾನಲ್ಲ. ಎಣ್ಣೆಗಾಗಿ ಐವತ್ತು ವರ್ಷ ಬೇರೆಯವರ ಮುಖ ನೋಡಿದ ದೇಶಕ್ಕೆ ಈ ಬಿಸಿಲು ಸಣ್ಣ ಆಸ್ತಿ ಅಲ್ಲ. ಆದರೆ ಕೊಡುವವರು ಒಬ್ಬೊಬ್ಬರೇ ಹೋಗಿ ಸಹಿ ಹಾಕಬೇಡಿ, ಊರು ಒಟ್ಟಾಗಿ ಕೂತು ಮಾತಾಡಿ. ಕರಾರು ಕನ್ನಡದಲ್ಲಿರಲಿ. ಏರಿಕೆ ಬೆಲೆಯೇರಿಕೆಯ ಜೊತೆ ಹೋಗುತ್ತದಾ ಕೇಳಿ. ಅವಧಿ ಮುಗಿದ ಮೇಲೆ ಹಲಗೆ, ಕಾಂಕ್ರೀಟು ಕಿತ್ತು ಹೊಲ ಹೊಲವಾಗಿ ಯಾರು ಕೊಡುತ್ತಾರೆ, ಅದಕ್ಕೆ ದುಡ್ಡು ಎಲ್ಲಿಟ್ಟಿದ್ದಾರೆ ಕೇಳಿ. ಹಲಗೆ ಕೆಳಗೆ ಕುರಿ ಮೇಯಿಸಲು ಬಿಡುತ್ತಾರಾ ಅನ್ನುವುದನ್ನು ಬರವಣಿಗೆಯಲ್ಲೇ ಕೇಳಿ, ಬೇರೆ ದೇಶಗಳಲ್ಲಿ ಮೇಯಿಸುತ್ತಾರೆ, ಹುಲ್ಲು ಕೊಯ್ಯುವ ಖರ್ಚೂ ಅವರಿಗೇ ಉಳಿಯುತ್ತದೆ. ಜಮೀನಿಲ್ಲದ ಮನೆಗಳಿಗೆ ಏನು ಅಂತ ಮಾತು ಮುಗಿಸುವ ಮೊದಲೇ ಕೇಳಿ, ಆಮೇಲೆ ಯಾರೂ ಕೇಳುವುದಿಲ್ಲ. ಸೋಲಾರ್ ಪಂಪು ಹಾಕಿಸುವವರಿಗೆ ಒಂದು ಮಾತು. ಬಿಸಿಲು ಪುಕ್ಕಟೆ ಅಂತ ದಿನವಿಡೀ ಪಂಪು ಬಿಟ್ಟರೆ ಸಾವಿರದ ಇನ್ನೂರು ಅಡಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಶಾಲೆಯ ಸೂರಿಗೆ ಐದು ಕಿಲೋವ್ಯಾಟ್ ಸೋಲಾರ್ ಹಾಕಿಸುವ ಬಗ್ಗೆ ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ. ಹಣ ಅರ್ಧ ಕೂಡಿದೆ. ದಿನಕ್ಕೆ ಇಪ್ಪತ್ತು ಯೂನಿಟ್ ಚಿಲ್ಲರೆ ಬರುತ್ತದೆ, ಕಂಪ್ಯೂಟರ್ ಕೊಠಡಿಗೂ ಫ್ಯಾನಿಗೂ ಸಾಕು. ಅದಕ್ಕೊಂದು ಮೀಟರು, ಒಂದು ನೋಟ್‌ಬುಕ್ಕು. ದಿನಾ ಎಷ್ಟು ಬಂತು ಅಂತ ಒಂಬತ್ತನೇ ತರಗತಿಯವರು ಬರೆದಿಡಬೇಕು ಎಂಬುದು ನನ್ನ ಷರತ್ತು. ವಿಜ್ಞಾನದ ಮೇಷ್ಟ್ರು ಒಪ್ಪಿದ್ದಾರೆ.

ಸಮಯ ಆಯಿತು ಅಂತ ಆಗಲೇ ಎರಡನೇ ಚೀಟಿ ಬಂದಿದೆ, ಅಡುಗೆ ಮನೆಯಿಂದ ವಾಸನೆಯೂ ಬರುತ್ತಿದೆ. ಊಟವಾದ ಮೇಲೆ ಸಂಜೆ ಬಸ್ಸಿನವರೆಗೆ ನಾನು ಹಿಂದಿನ ಹುಣಸೆಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಯಾರ ಹತ್ತಿರವಾದರೂ ಗುತ್ತಿಗೆ ಕರಾರಿನ ಕಾಗದ ಇದ್ದರೆ ತನ್ನಿ, ಒಟ್ಟಿಗೆ ಕೂತು ಓದೋಣ. ಚಿಕ್ಕಪ್ಪ, ನೀವು ಮೊದಲು.